ಬ್ಲೂಗ್ರಾಸ್ ತಂಡಕ್ಕೆ ಪಿಟೀಲು ಹಿಡಿದು ಸೇರಿದ ಬಗೆ

ವರ್ಜೀನಿಯಾ ರಾಜ್ಯದ ನೈರುತ್ಯ ಮೂಲೆಯಲ್ಲಿ, ಬ್ಲೂ ರಿಡ್ಜ್ ಬೆಟ್ಟಸಾಲಿನ ಮೇಲಿರುವ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನಾನು ಹಲವು ವರ್ಷಗಳಿಂದ ವೈದ್ಯವೃತ್ತಿಯಲ್ಲಿದ್ದೇನೆ. ಗೇಲ್ಯಾಕ್ಸ್ ಪಟ್ಟಣ ಇಲ್ಲಿಂದ ಹತ್ತಿರ. ದಕ್ಷಿಣಕ್ಕೆ ಸ್ವಲ್ಪ ಇಳಿದರೆ ನಾರ್ತ್ ಕೆರೊಲಿನಾದ ಗಡಿ. ಬ್ಲೂಗ್ರಾಸ್ ಎಂಬ, ತಂತಿವಾದ್ಯಗಳೊಡನೆ ಹಾಡುವ ಅಮೆರಿಕದ ಸಂಗೀತದ ಇಲ್ಲಿನ ಒಂದು ತಂಡದಲ್ಲಿ ಪಿಟೀಲಿನವರ ಜಾಗ ತೆರವಾದಾಗ, ಮೈಸೂರಿನಲ್ಲಿ ಬಾಲ್ಯದಿಂದ ಕರ್ನಾಟಕ ಸಂಗೀತ ಕಲಿತಿದ್ದ ನನ್ನನ್ನು ಅವರು ಕರೆದರು. ಆ ತಂಡದಲ್ಲಿ ಒಬ್ಬನಾಗಲು ನಾನು ಏನೇನು ಕಲಿಯಬೇಕಾಯಿತು ಎಂಬುದನ್ನು ಬರೆಯಹೊರಟರೆ, ಉಳಿದ ನಾಲ್ವರು ಎಲ್ಲಿ, ಯಾರಿಂದ, ಹೇಗೆ ಸಂಗೀತ ಕಲಿತರು ಎಂಬುದನ್ನೇ ಬರೆಯಬೇಕಾಗುತ್ತದೆ. ಅವರವರ ಹಿನ್ನೆಲೆ ಗೊತ್ತಾಗುವವರೆಗೆ ಅವರ ನುಡಿಸಾಣಿಕೆ ನನ್ನ ಕಿವಿಗೆ ಬಿದ್ದರೂ ಕೈಗೆ ಇಳಿಯಲಿಲ್ಲ.

ಈ ಸಂಗೀತ ಹುಟ್ಟಿದ್ದೂ ಹಾಗೆಯೇ. ಬ್ಲೂಗ್ರಾಸ್ ಬೆಟ್ಟಗಾಡಿನ ಬಹಳ ಪ್ರಾಚೀನ ಜಾನಪದ ಸಂಗೀತವೆಂದು ಹೊರಗಿನವರು ಭಾವಿಸುವುದುಂಟು. ವಾಸ್ತವವಾಗಿ ಅದು ರೇಡಿಯೊ ಕಾಲದ ಕೂಸು. ಕೆಂಟಕಿಯ ರೋಸಿನ್ ಎಂಬ ಹಳ್ಳಿಯಲ್ಲಿ 1911ರಲ್ಲಿ ಹುಟ್ಟಿದ ಬಿಲ್ ಮನ್ರೋ ಅವರು ಕಟ್ಟಿದ ‘ಬ್ಲೂ ಗ್ರಾಸ್ ಬಾಯ್ಸ್’ ತಂಡ 1939ರಲ್ಲಿ ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ರೇಡಿಯೊ ಕಾರ್ಯಕ್ರಮಕ್ಕೆ ಸೇರಿತು. 1945ರ ಕೊನೆಯಲ್ಲಿ ಅರ್ಲ್ ಸ್ಕ್ರಗ್ಸ್, ಡೋಲಿನಂತೆ ಚರ್ಮ ಬಿಗಿದ ಐದು ತಂತಿಯ ವಾದ್ಯವಾದ ಬ್ಯಾಂಜೊ ಹಿಡಿದು ಆ ತಂಡಕ್ಕೆ ಬಂದ ಮೇಲೆ ಇಂದು ನಾವು ಬ್ಲೂಗ್ರಾಸ್ ಎಂದು ಗುರುತಿಸುವ ಧ್ವನಿ ಪೂರ್ಣವಾಯಿತು. ಮನ್ರೋ ಅವರಿಗೆ ತಾಯಿಯ ಹಾಡು, ಪಿಟೀಲು ನುಡಿಸುತ್ತಿದ್ದ ಸೋದರಮಾವ ಪೆನ್ ವ್ಯಾಂಡಿವರ್, ಕಪ್ಪುಜನಾಂಗದ ಗಿಟಾರ್ ವಾದಕ ಆರ್ನಲ್ಡ್ ಶುಲ್ಟ್ಸ್ ಇವರೆಲ್ಲರ ಪ್ರಭಾವವಿತ್ತು, ಮತ್ತು ಯೌವನದಲ್ಲಿ ಅವರು ಇಂಡಿಯಾನಾದ ಎಣ್ಣೆ ಶುದ್ಧೀಕರಣ ಕಾರ್ಖಾನೆಯಲ್ಲಿ ದುಡಿದಿದ್ದರು. ಸ್ಕ್ರಗ್ಸ್ ನಾರ್ತ್ ಕೆರೊಲಿನಾದ ರೈತ ಕುಟುಂಬದವರು, ಯುದ್ಧಕಾಲದಲ್ಲಿ ನೂಲಿನ ಗಿರಣಿಯಲ್ಲಿದ್ದವರು. ಗಿಟಾರ್ ಹಿಡಿದು ಹಾಡುತ್ತಿದ್ದ ಲೆಸ್ಟರ್ ಫ್ಲ್ಯಾಟ್ ಟೆನೆಸ್ಸಿಯವರು, ಅವರೂ ಗಿರಣಿ ಕಾರ್ಮಿಕರಾಗಿದ್ದವರೇ. ಪಿಟೀಲಿನ ಚಬ್ಬಿ ವೈಸ್ ದೂರದ ಫ್ಲಾರಿಡಾದವರು. ಬೇರೆಬೇರೆ ನೆಲದ ಅಭ್ಯಾಸಗಳು ಒಂದೇ ಮೈಕಿನ ಮುಂದೆ ಕೂಡಿಕೊಂಡದ್ದರಿಂದಲೇ ಈ ಸಂಗೀತ ರೂಪುಗೊಂಡಿತು. ಆದ್ದರಿಂದ ನಮ್ಮಂಥ ಸಣ್ಣ ಊರಿನ ತಂಡದಲ್ಲಿ ಐದು ಜನ ಐದು ಕಡೆಯಿಂದ ಬಂದಿರುವುದು ವಿಚಿತ್ರವೇನಲ್ಲ.

ನನ್ನ ಕಲಿಕೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಮೈಸೂರಿನ ಸಾವಿರಾರು ಮಕ್ಕಳ ಕಲಿಕೆಯೇ ಅದು. ಸರಳೆ ವರಸೆ, ಜಂಟಿ ವರಸೆ, ಅಲಂಕಾರ, ಗೀತೆ, ವರ್ಣ, ಆಮೇಲೆ ಕೃತಿಗಳು. ಚಕ್ಕಳಮಕ್ಕಳ ಹಾಕಿ ಕುಳಿತು, ಪಿಟೀಲಿನ ತಲೆಯನ್ನು ಬಲಗಾಲಿನ ಪಾದದ ಮೇಲೂ ಇನ್ನೊಂದು ತುದಿಯನ್ನು ಎದೆ-ಭುಜಗಳ ನಡುವೆಯೂ ಒರಗಿಸಿ ನುಡಿಸುವ ಕ್ರಮ. ವಾದ್ಯ ಅಲುಗಾಡದ ಕಾರಣ ಎಡಗೈ ಹಗುರವಾಗಿ ತಂತಿಯ ಉದ್ದಕ್ಕೂ ಜಾರಬಹುದು. ಸ್ವರವನ್ನು ಬಳುಕಿಸುವ ನಮ್ಮ ಗಮಕಗಳಿಗೆ ಇದು ಬೇಕೇಬೇಕು. ಯುರೋಪಿನ ಈ ವಾದ್ಯವನ್ನು 19ನೆಯ ಶತಮಾನದ ಆರಂಭದ ಹೊತ್ತಿಗೆ ಬಾಲುಸ್ವಾಮಿ ದೀಕ್ಷಿತರಂಥವರು ನಮ್ಮ ಸಂಗೀತಕ್ಕೆ ಒಗ್ಗಿಸಿಕೊಂಡರು. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ಮೂರು ತಂತಿ ಹೆಚ್ಚಾಗಿ ಬಿಗಿದು ಮೈಕಿಲ್ಲದ ಸಭೆಗಳಲ್ಲೂ ನಾದ ಕೊನೆಯ ಸಾಲಿನವರೆಗೆ ಮುಟ್ಟುವಂತೆ ಮಾಡಿದರು. ನಮ್ಮ ಮೇಷ್ಟ್ರು ಚೌಡಯ್ಯನವರ ಹೆಸರು ಹೇಳುವಾಗಲೆಲ್ಲ ಅವರು ಎಂಥ ಪಕ್ಕವಾದ್ಯಗಾರರಾಗಿದ್ದರು ಎಂಬುದನ್ನೇ ಮೊದಲು ಹೇಳುತ್ತಿದ್ದರು. ಗಾಯಕರ ಬೆನ್ನಿಗೆ ನಿಂತು, ಅವರ ಪ್ರತಿ ಸಂಚಾರವನ್ನೂ ಕ್ಷಣ ಹಿಂದೆ ನೆರಳಿನಂತೆ ಅನುಸರಿಸಿ, ಅವರು ನಿಲ್ಲಿಸಿದಲ್ಲಿ ಉತ್ತರ ಕೊಡುವುದು ಪಕ್ಕವಾದ್ಯದ ಧರ್ಮ. ಅದೇ ನನ್ನ ನಿಜವಾದ ಶಿಕ್ಷಣವಾಗಿತ್ತು. ಅದು ಇಲ್ಲಿ ಎಷ್ಟು ನೆರವಾಯಿತೋ ಅಷ್ಟೇ ತೊಡಕೂ ಆಯಿತು.

ತಂಡದ ಹಿಂದಿನ ಪಿಟೀಲಿನವರಿಗೆ ಬೆರಳಿನ ಕೀಲುಗಳಲ್ಲಿ ಸಂಧಿವಾತ ಬಲಿತು, ಅವರು ಮಗಳ ಮನೆಗೆಂದು ಬೇರೆ ರಾಜ್ಯಕ್ಕೆ ಹೊರಟಿದ್ದರು. ಹೊರಡುವ ಮೊದಲು ತಮ್ಮ ಜಾಗಕ್ಕೆ ಯಾರಾದರೂ ಸಿಗಲೆಂದು ವಿಚಾರಿಸುತ್ತಿದ್ದಾಗ ನನ್ನ ವಿಷಯ ತಿಳಿಯಿತು. ಅಭ್ಯಾಸ ನಡೆಯುತ್ತಿದ್ದುದು ಬ್ಯಾಂಜೊ ನುಡಿಸುವ ಹಿರಿಯರ ಮನೆಯ ಹಿಂದಿನ ಮರಗೆಲಸದ ಕೊಟ್ಟಡಿಯಲ್ಲಿ. ಆ ಹಿರಿಯರು, ಊರು ಬಿಡಲಿದ್ದ ಪಿಟೀಲಿನ ಮುದುಕರ ಎದುರಿಗೇ ನನ್ನನ್ನು ನುಡಿಸಲು ಕೇಳಿದರು. ನಾನು ನೆಲದ ಮೇಲೆ ಕುಳಿತು ಮೋಹನ ರಾಗದ ವರ್ಣವೊಂದನ್ನು ನುಡಿಸಿದೆ. ಐದೇ ಸ್ವರಗಳ ಆ ರಾಗದ ಹಾದಿ ಅವರಿಗೆ ಚೆನ್ನಾಗಿ ಪರಿಚಿತ. ಇಲ್ಲಿನ ಎಷ್ಟೋ ಹಾಡುಗಳು ಅವೇ ಐದು ಸ್ವರಗಳಲ್ಲಿ ಓಡಾಡುತ್ತವೆ. ಮುದುಕರು ಕೊನೆಗೆ ಹೇಳಿದ ಮಾತು ಇಷ್ಟೇ: “ಎಡಗೈಗೆ ಯಾರೂ ಏನೂ ಹೇಳಿಕೊಡಬೇಕಾಗಿಲ್ಲ ಡಾಕ್ಟರೇ, ಬಲಗೈಯನ್ನು ಹೊಸದಾಗಿ ಕಟ್ಟಬೇಕು.”

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಕರ್ನಾಟಕ ಪಿಟೀಲಿನಲ್ಲಿ ಗಾಯನದ ಉಸಿರನ್ನು ಅನುಕರಿಸುವ ಸಲುವಾಗಿ ಒಂದೇ ಉದ್ದ ಕಮಾನಿನಲ್ಲಿ ಅನೇಕ ಸ್ವರಗಳನ್ನು ಸೇರಿಸುತ್ತೇವೆ. ಇಲ್ಲಿ ಕಮಾನೇ ಕುಣಿತಕ್ಕೆ ತಾಳ ಹಾಕುತ್ತದೆ: ಒಂದು ಉದ್ದ, ಎರಡು ಗಿಡ್ಡ, ಮತ್ತೆ ಒಂದು ಉದ್ದ, ಎರಡು ಗಿಡ್ಡ. ಇದನ್ನು ಅವರು ಷಫಲ್ ಎನ್ನುತ್ತಾರೆ. ಮುದುಕರು ಊರು ಬಿಡುವವರೆಗೂ ಪ್ರತಿ ಸಂಜೆ ನನ್ನ ಮಣಿಕಟ್ಟಿನ ಮೇಲೆ ತಮ್ಮ ಊದಿದ ಬೆರಳುಗಳನ್ನಿಟ್ಟು ಆ ತೂಗಾಟವನ್ನು ತಿದ್ದಿದರು. ನನಗೆ ಆ ಸಂಜೆಗಳ ಋಣ ದೊಡ್ಡದು.

ಬ್ಯಾಂಜೊ ನುಡಿಸುವ ಹಿರಿಯರು ಎಪ್ಪತ್ತು ದಾಟಿದವರು. ಈ ಭಾಗದ ಜನರಿಗೆ ದೀರ್ಘಕಾಲ ಅನ್ನ ಕೊಟ್ಟ ಪೀಠೋಪಕರಣ ಕಾರ್ಖಾನೆಗಳಲ್ಲೊಂದರಲ್ಲಿ, ಅದು ಮುಚ್ಚುವವರೆಗೂ ದುಡಿದವರು. ಅವರ ತಂದೆ ಗಡಿಯಾಚೆಯ ಮೌಂಟ್ ಏರಿ ಕಡೆಯವರು. ಆ ಸೀಮೆಗೆ ತನ್ನದೇ ಆದ ಹಳೆಯ ಬಾನಿ ಇದೆ. ಟಾಮಿ ಜಾರೆಲ್ ಎಂಬ ಪ್ರಸಿದ್ಧ ಪಿಟೀಲು ಮತ್ತು ಬ್ಯಾಂಜೊ ವಾದಕರು ಅಲ್ಲಿಯವರೇ. 1901ರಿಂದ 1985ರವರೆಗೆ ಬಾಳಿದ ಅವರು ರಸ್ತೆ ಸಮತಟ್ಟು ಮಾಡುವ ಯಂತ್ರ ನಡೆಸುವ ನೌಕರಿ ಮುಗಿಸಿ ಮನೆಯಲ್ಲಿ ಕುಳಿತ ಮೇಲೆ, ದೇಶದ ಮೂಲೆಮೂಲೆಯಿಂದ ಹುಡುಗರು ಹುಡುಕಿಕೊಂಡು ಬಂದು ಅವರ ಅಡುಗೆಮನೆಯಲ್ಲಿ ಕುಳಿತು ಕಲಿತು ಹೋಗುತ್ತಿದ್ದರು. ನಮ್ಮ ಹಿರಿಯರು ತಂದೆಯಿಂದ ಮೊದಲು ಕಲಿತದ್ದು ಆ ಹಳೆಯ ಬಾನಿಯ ಬ್ಯಾಂಜೊ: ಉಗುರಿನ ಹಿಂಬದಿಯಿಂದ ತಂತಿಯನ್ನು ಕೆಳಮುಖವಾಗಿ ಹೊಡೆದು, ಹೆಬ್ಬೆರಳಿನಿಂದ ಗಿಡ್ಡ ತಂತಿಯನ್ನು ಮಿಡಿಯುವ ಕ್ರಮ. ಪಶ್ಚಿಮ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂಗೀತದಿಂದ ಈ ವಾದ್ಯವೂ ಈ ಕೈಚಳಕವೂ ಬೆಟ್ಟಗಳಿಗೆ ಏರಿ ಬಂದವು. ಹುಡುಗನಾಗಿದ್ದಾಗ ರೇಡಿಯೊದಲ್ಲಿ ಸ್ಕ್ರಗ್ಸ್ ಅವರನ್ನು ಕೇಳಿದ ಮೇಲೆ ಇವರು ಹೆಬ್ಬೆರಳಿಗೆ ಪ್ಲಾಸ್ಟಿಕ್ಕಿನ, ತೋರುಬೆರಳು ನಡುಬೆರಳುಗಳಿಗೆ ಲೋಹದ ಮೀಟುಗಳನ್ನು ತೊಟ್ಟು ಮೂರು ಬೆರಳಿನ ಶೈಲಿಗೆ ಬದಲಾದರು. ತಂದೆಗೆ ಅದು ಹಿಡಿಸಲಿಲ್ಲವಂತೆ. ಮನೆಯಲ್ಲಿದ್ದದ್ದು ಒಂದೇ ಬ್ಯಾಂಜೊ. ಸಂಜೆ ಅದು ತಂದೆಯ ಕೈಯಲ್ಲಿರುತ್ತಿತ್ತು, ಅವರು ಪಾಳಿಗೆ ಹೋದಾಗ ಮಗನ ಕೈಯಲ್ಲಿ.

ಅವರ ಬ್ಯಾಂಜೊವನ್ನು ನಾನು ಮೊದಲ ಬಾರಿಗೆ ತೊಡೆಯ ಮೇಲಿಟ್ಟುಕೊಂಡು ನೋಡಿದಾಗ ಎರಡು ಸಂಗತಿಗಳು ಕಂಡವು. ಐದನೆಯ ಗಿಡ್ಡ ತಂತಿಯ ಬಿರಡೆ ಕೊರಳಿನ ತುದಿಯಲ್ಲಿಲ್ಲ, ಕೊರಳಿನ ನಡುಪಕ್ಕದಲ್ಲಿದೆ. ಆ ತಂತಿ ತಾರ ಷಡ್ಜವನ್ನು ಬಿಡದೆ ನುಡಿಯುತ್ತಿರುತ್ತದೆ, ನಮ್ಮ ವೀಣೆಯ ಪಕ್ಕದ ತಾಳದ ತಂತಿಗಳು ನುಡಿಯುವ ಹಾಗೆ. ಉಳಿದ ನಾಲ್ಕು ತಂತಿಗಳು ಪ, ಸ, ಗ, ಪ. ಹೀಗಾಗಿ ಬೆರಳೇ ಇಡದೆ ಮೀಟಿದರೂ ಒಂದು ಪೂರ್ಣ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು, ಕೇಳುತ್ತದೆ. ಎರಡನೆಯದು, ಗಿಡ್ಡ ತಂತಿಯ ಕೆಳಗೆ ಕೊರಳಿಗೆ ಹೊಡೆದ ಎರಡು ಮೂರು ಪುಟ್ಟ ಮೊಳೆಗಳು. ಆಟಿಕೆ ರೈಲಿನ ಹಳಿ ಕೂರಿಸುವ ಮೊಳೆಗಳು ಅವು. ಶ್ರುತಿ ಏರಿಸಬೇಕಾದಾಗ ಉಳಿದ ತಂತಿಗಳಿಗೆ ಕೇಪೋ ಎಂಬ, ಕೊರಳಿಗೆ ಅಡ್ಡಲಾಗಿ ತಂತಿಗಳನ್ನು ಒತ್ತಿ ಹಿಡಿಯುವ ಪಟ್ಟಿ ಬಿಗಿದು, ಈ ಒಂದು ತಂತಿಯನ್ನು ಮಾತ್ರ ಮೊಳೆಯ ಕೊಕ್ಕೆಗೆ ಸಿಕ್ಕಿಸುತ್ತಾರೆ. ಬ್ಯಾಂಜೊದವರಲ್ಲಿ ಇದು ರೂಢಿ. ಆದರೆ ಮರದ ನಾರು ಸೀಳದಂತೆ ಆ ಮೊಳೆಗಳನ್ನು ಇವರು ಸ್ವತಃ ಹೊಡೆದುಕೊಂಡ ಅಚ್ಚುಕಟ್ಟು ಕಾರ್ಖಾನೆಯಲ್ಲಿ ಪಳಗಿದ ಕೈಯದು.

ಅವರ ಬಲಗೈಯ ಓಟ ನನಗೆ ಬಹಳ ದಿನ ಗೊಂದಲವಾಗಿತ್ತು. ಎಂಟು ಮಿಡಿತಗಳು ಒಂದೇ ವೇಗದಲ್ಲಿ ಸುರಿಯುತ್ತವೆ, ಆದರೆ ಒತ್ತು ಎಲ್ಲಿ ಬೀಳುತ್ತದೆ ಎಂದು ಹಿಡಿಯಲಾಗುತ್ತಿರಲಿಲ್ಲ. ಒಂದು ದಿನ ಅವರು ನಿಧಾನವಾಗಿ ತೋರಿಸಿದರು: ಹೆಬ್ಬೆರಳು, ತೋರುಬೆರಳು, ನಡುಬೆರಳು, ಹೆಬ್ಬೆರಳು, ತೋರುಬೆರಳು, ನಡುಬೆರಳು, ಹೆಬ್ಬೆರಳು, ನಡುಬೆರಳು. ನನ್ನ ಬಾಯಲ್ಲಿ ತಾನಾಗಿ “ತಕಿಟ ತಕಿಟ ತಕ” ಬಂತು. ಮೂರು, ಮೂರು, ಎರಡು. ಮೃದಂಗದವರು ಆದಿತಾಳದ ಮೇಲೆ ದಿನನಿತ್ಯ ಹಾಕುವ ಲೆಕ್ಕ. ಹಿರಿಯರು ಅದನ್ನು ಮತ್ತೆ ಮತ್ತೆ ಹೇಳಿಸಿ, ತಾವೂ ಹೇಳಿ, ಕೊನೆಗೆ ಮೊಮ್ಮಗನಿಗೆ ಬ್ಯಾಂಜೊ ಕಲಿಸುವಾಗ ಅದನ್ನೇ ಬಳಸತೊಡಗಿದರು. ಈ ಲೆಕ್ಕ ಸಿಕ್ಕ ಮೇಲೆ ಬ್ಯಾಂಜೊ ಓಡುತ್ತಿರುವಾಗ ನನ್ನ ಕಮಾನು ಎಲ್ಲಿ ಇಳಿಯಬೇಕು ಎಂಬುದಕ್ಕೆ ಯಾರನ್ನೂ ಕೇಳಬೇಕಾಗಲಿಲ್ಲ.

ಅವರಿಂದಲೇ ತಿಳಿದ ಇನ್ನೊಂದು ವಿಷಯ ನನಗೆ ಇಂದಿಗೂ ಸೋಜಿಗ. ಅವರ ತಂದೆಯ ಜೊತೆ ನುಡಿಸುತ್ತಿದ್ದ ಹಳೆಯ ಪಿಟೀಲಿನವರು ಕೆಲವು ಮಟ್ಟುಗಳಿಗೆ ತಂತಿಗಳನ್ನು, ಪಾಶ್ಚಾತ್ಯರ ಸ್ವರದ ಹೆಸರುಗಳಲ್ಲಿ ಹೇಳುವುದಾದರೆ, ಎ, ಇ, ಎ, ಇ ಎಂದು ಕೂಡಿಸುತ್ತಿದ್ದರಂತೆ. ಈ ಸೀಮೆಯಲ್ಲಿ ಈಗಲೂ ಹಳೆಯ ಬಾನಿಯವರು ಹಾಗೆ ಕೂಡಿಸುತ್ತಾರೆ. ಅಂದರೆ ಸ, ಪ, ಸ, ಪ. ನಾನು ಮೈಸೂರಿನಲ್ಲಿ ಮೊದಲ ದಿನ ಕಲಿತ ಶ್ರುತಿಯೇ ಅದು. ತೆರೆದ ತಂತಿಗಳೆಲ್ಲ ಷಡ್ಜ ಪಂಚಮಗಳಲ್ಲಿ ಕೂಡಿದರೆ ನುಡಿಸದ ತಂತಿಯೂ ಮಿಡಿದು ವಾದ್ಯ ತಾನೇ ತಂಬೂರಿ ಹಾಕಿಕೊಂಡಂತಾಗುತ್ತದೆ. ಎರಡು ಖಂಡಗಳ ಹಳ್ಳಿಗರೂ ಪಂಡಿತರೂ ಒಬ್ಬರನ್ನೊಬ್ಬರು ಕಾಣದೆ ಒಂದೇ ಉಪಾಯಕ್ಕೆ ಬಂದಿದ್ದಾರೆ. ಹಿರಿಯರ ಮನೆಯಲ್ಲಿ ಆ ಶ್ರುತಿಯಲ್ಲಿ, ಹರಿಕಾಂಭೋಜಿಯಂತೆ ಕೈಶಿಕಿ ನಿಷಾದವಿರುವ ಹಳೆಯ ಮಟ್ಟೊಂದನ್ನು ಅವರು ತಂದೆಯ ಕ್ರಮದಲ್ಲಿ ಬ್ಯಾಂಜೊ ಹೊಡೆಯುತ್ತ, ನಾನು ನೆಲದ ಮೇಲೆ ಕುಳಿತು ಪಿಟೀಲು ಹಿಡಿದು ನುಡಿಸಿದ್ದುಂಟು. ಆಗ ನನಗೆ ಏನನ್ನೂ ಹೊಸದಾಗಿ ಕಲಿಯಬೇಕಾಗಿರಲಿಲ್ಲ.

ಆದರೆ ಬ್ಲೂಗ್ರಾಸ್ ತಂಡದಲ್ಲಿ ಆ ಶ್ರುತಿ ನಡೆಯುವುದಿಲ್ಲ, ಮತ್ತು ಏಕೆ ನಡೆಯುವುದಿಲ್ಲ ಎಂಬುದನ್ನು ನನಗೆ ಮನಗಾಣಿಸಿದವನು ಮ್ಯಾಂಡೊಲಿನ್ ನುಡಿಸುವ ಯುವಕ. ಅವನು ಇಲ್ಲಿನ ಪ್ರೌಢಶಾಲೆಯಲ್ಲಿ ಸಂಗೀತದ ಅಧ್ಯಾಪಕ. ಅವನ ಅಜ್ಜ ಅಜ್ಜಿ ಕೆಂಟಕಿಯ ಬೆಟ್ಟಗಳಿಂದ ಓಹಾಯೊದ ಡೇಟನ್ ನಗರಕ್ಕೆ ಕಾರ್ಖಾನೆಯ ಕೆಲಸಕ್ಕೆಂದು ಗುಳೆ ಹೋದವರು. ಎರಡನೆಯ ಮಹಾಯುದ್ಧದ ಮುಂಚೆ ಮತ್ತು ಅನಂತರ ಹಾಗೆ ಬೆಟ್ಟಗಳನ್ನು ಬಿಟ್ಟು ಉತ್ತರದ ನಗರಗಳಿಗೆ ಹೋದವರು ಲಕ್ಷಾಂತರ ಮಂದಿ. ಅವರ ಹಿಂದೆ ಸಂಗೀತವೂ ಹೋಯಿತು. ಆಸ್‌ಬರ್ನ್ ಸಹೋದರರಂಥ ಹೆಸರಾಂತ ಬ್ಲೂಗ್ರಾಸ್ ವಾದಕರು ಬೆಳೆದದ್ದು ಡೇಟನ್‌ನಲ್ಲೇ. ನಮ್ಮ ಯುವಕ ಅಲ್ಲಿ ಅಜ್ಜನ ಬಾಯಲ್ಲಿ ಹಾಡು ಕೇಳುತ್ತ, ಶಾಲೆಯಲ್ಲಿ ಪಾಶ್ಚಾತ್ಯ ಶಾಸ್ತ್ರೀಯ ವಯೊಲಿನ್ ಕಲಿಯುತ್ತ, ವಿಶ್ವವಿದ್ಯಾಲಯದಲ್ಲಿ ಸಂಗೀತದ ಪದವಿ ಪಡೆದು, ಕೆಲಸ ಹುಡುಕಿಕೊಂಡು ಬೆಟ್ಟಗಳಿಗೆ ಮರಳಿ ಬಂದವನು. ಮ್ಯಾಂಡೊಲಿನ್ನಿನ ಜೋಡಿ ತಂತಿಗಳು ವಯೊಲಿನ್ನಿನಂತೆಯೇ ಜಿ, ಡಿ, ಎ, ಇ ಎಂದು ಕೂಡಿರುವುದರಿಂದ ಬೆರಳುಗಳಿಗೆ ಹಾದಿ ಗೊತ್ತಿತ್ತು.

ನಮ್ಮ ಸಭೆಗಳಲ್ಲಿ ಗಾಯಕರ ಶ್ರುತಿ ಒಮ್ಮೆ ನಿಶ್ಚಯವಾದರೆ ಕಛೇರಿ ಮುಗಿಯುವವರೆಗೆ ಅದೇ. ಪಿಟೀಲಿನವರು ಅದಕ್ಕೆ ತಂತಿ ಬಿಗಿದುಕೊಂಡರೆ ಸ ಎಂದರೆ ತೆರೆದ ತಂತಿಯೇ. ಇಲ್ಲಿ ಪ್ರತಿ ಹಾಡಿಗೂ ಷಡ್ಜ ಬದಲಾಗುತ್ತದೆ. ಗಿಟಾರ್ ಮತ್ತು ಬ್ಯಾಂಜೊದವರು ಕೇಪೋ ಸರಿಸಿ ತಮ್ಮ ಅಭ್ಯಾಸದ ಬೆರಳುಗಳಲ್ಲೇ ನುಡಿಸುತ್ತಾರೆ. ಪಿಟೀಲಿಗೂ ಮ್ಯಾಂಡೊಲಿನ್ನಿಗೂ ಆ ಅನುಕೂಲವಿಲ್ಲ. ನಮ್ಮ ಗಾಯಕಿಗೆ ಇಷ್ಟವಾದ ಬಿ ಶ್ರುತಿಯಲ್ಲಿ ಪಿಟೀಲಿನ ನಾಲ್ಕು ತೆರೆದ ತಂತಿಗಳ ಪೈಕಿ ಇ ಒಂದೇ ಆ ಮೇಳಕ್ಕೆ ಸೇರುತ್ತದೆ. ಮಿಕ್ಕ ಮೂರೂ ಅಪಸ್ವರ. ಷಡ್ಜವೂ ಪಂಚಮವೂ ಬೆರಳೊತ್ತಿಯೇ ಹುಟ್ಟಬೇಕು. ಅಧ್ಯಾಪಕ ಮಿತ್ರ ಇದಕ್ಕೆ ಒಂದು ದಾರಿ ತೋರಿಸಿದ. ಇಲ್ಲಿನವರು ಕಾರ್ಡುಗಳನ್ನು ಒಂದು, ನಾಲ್ಕು, ಐದು ಎಂದು ಅಂಕೆಗಳಲ್ಲಿ ಕರೆಯುತ್ತಾರೆ. ಶ್ರುತಿ ಯಾವುದಿದ್ದರೂ ಅಂಕೆ ಬದಲಾಗುವುದಿಲ್ಲ. ಶಂಕರಾಭರಣದಲ್ಲಿ ಯೋಚಿಸಿದಾಗ ಒಂದು ಎಂದರೆ ಸ ಗ ಪ, ನಾಲ್ಕು ಎಂದರೆ ಮ ದ ಸ, ಐದು ಎಂದರೆ ಪ ನಿ ರಿ. ಏಳು ಸ್ವರಗಳೂ ಆ ಮೂರು ಗುಂಪುಗಳಲ್ಲಿ ಮುಗಿದುಹೋಗುತ್ತವೆ. ಹಾಡು ಐದನೆಯ ಕಾರ್ಡಿಗೆ ಸರಿದ ಕ್ಷಣ ಗಾಂಧಾರದ ಮೇಲೆ ನಿಲ್ಲುವ ನನ್ನ ಚಟ ಉಳಿದವರ ಕಿವಿಗೆ ಚುಚ್ಚುತ್ತದೆ ಎಂಬುದನ್ನು ಅವನು ಎಷ್ಟು ಸಹನೆಯಿಂದ ತಿಳಿಸಿಕೊಟ್ಟನೆಂದರೆ, ಅವನ ಶಾಲೆಯ ಮಕ್ಕಳ ಭಾಗ್ಯ ಎಂದು ನನಗನಿಸಿತು.

ನಿಂತು ನುಡಿಸುವುದನ್ನು ಕಲಿಸಿದವನೂ ಅವನೇ. ಪಾದದ ಆಸರೆ ತಪ್ಪಿದರೆ ವಾದ್ಯವನ್ನು ಗಲ್ಲ ಮತ್ತು ಭುಜಗಳ ನಡುವೆ ಹಿಡಿಯಬೇಕು. ಆಗ ಎಡಗೈ ಕೆಳಕ್ಕೆ ಜಾರಿದರೆ ವಾದ್ಯವೇ ಜಾರುತ್ತದೆ. ಉದ್ದದ ಜಾರುಗಳನ್ನು ಚಿಕ್ಕದು ಮಾಡಿಕೊಂಡೆ, ಒಂದೇ ಬೆರಳಿನ ಬದಲು ನಾಲ್ಕನ್ನೂ ಬಳಸತೊಡಗಿದೆ. ಅವನು ತನ್ನ ಕಡೆಯಿಂದ ನನ್ನಿಂದ ಬಯಸಿದ್ದು ಕಾಗದವಿಲ್ಲದೆ ಕಲಿಯುವ ಅಭ್ಯಾಸ. ಸ್ವರಲಿಪಿ ಕಣ್ಣಿಗೆ ಬಿದ್ದ ಕೂಡಲೆ ನುಡಿಸಬಲ್ಲ ಅವನಿಗೆ, ಒಮ್ಮೆ ಕೇಳಿದ ಸಾಲನ್ನು ತಿರುಗಿ ಹೇಳುವುದು ಹಿರಿಯರಿಗೂ ನನಗೂ ಬಂದಷ್ಟು ಸಲೀಸಾಗಿ ಬರುತ್ತಿರಲಿಲ್ಲ.

ಬೇಸ್ ನುಡಿಸುವ ತರುಣನ ಕಥೆ ಬೇರೆ. ಗೇಲ್ಯಾಕ್ಸ್ ಸುತ್ತಮುತ್ತ ಮೆಕ್ಸಿಕೊ ಮೂಲದ ಬಹಳಷ್ಟು ಕುಟುಂಬಗಳಿವೆ. ಅವನ ತಂದೆ ಪೀಠೋಪಕರಣದ ಕೆಲಸಕ್ಕೆಂದೇ ಇಲ್ಲಿಗೆ ಬಂದವರು, ಊರಿನಲ್ಲಿದ್ದಾಗ ನೊರ್ತೆನ್ಯೊ ತಂಡದಲ್ಲಿ ನುಡಿಸಿದವರು. ಉತ್ತರ ಮೆಕ್ಸಿಕೊದ ಆ ಸಂಗೀತದಲ್ಲಿ ಅಕಾರ್ಡಿಯನ್, ಹನ್ನೆರಡು ತಂತಿಯ ಬಾಹೊ ಸೆಕ್ಸ್ಟೊ, ಮತ್ತು ಅವರು ತೊಲೊಲೊಚೆ ಎನ್ನುವ ದೊಡ್ಡ ನಿಲುವಿನ ಬೇಸ್ ಇರುತ್ತವೆ. ಜರ್ಮನಿ ಮತ್ತು ಬೊಹೀಮಿಯಾ ಕಡೆಯ ವಲಸಿಗರು ತಂದ ಪೋಲ್ಕ ಮತ್ತು ವಾಲ್ಟ್ಸ್ ಅದರ ಬೆನ್ನೆಲುಬು. ಮಗ ಗ್ಯಾರೇಜಿನಲ್ಲಿ ಕಾರು ದುರಸ್ತಿ ಮಾಡುತ್ತಾನೆ. ತಂದೆಯ ಬೇಸನ್ನೇ ಹೊತ್ತುಕೊಂಡು ತಂಡಕ್ಕೆ ಬಂದಾಗ ಅವನಿಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಪೋಲ್ಕಕ್ಕೆ ಬೇಸ್ ಒಂದು ಘಾತಕ್ಕೆ ಷಡ್ಜ, ಮುಂದಿನದಕ್ಕೆ ಪಂಚಮ ಹಿಡಿಯುತ್ತದೆ, ಬ್ಲೂಗ್ರಾಸಿಗೂ ಅದೇ. ಅವನ ಸ ಮತ್ತು ಪಗಳ ನಡುವಿನ ಖಾಲಿ ಜಾಗದಲ್ಲಿ ಮ್ಯಾಂಡೊಲಿನ್ ಒಂದು ಕಾರ್ಡನ್ನು ಒತ್ತಿ, ಮೀಟಿದ ತಕ್ಷಣ ಬೆರಳು ಸಡಿಲಿಸಿ ಧ್ವನಿಯನ್ನು ಕತ್ತರಿಸುತ್ತದೆ. ಡೋಲಿಲ್ಲದ ಈ ಸಂಗೀತಕ್ಕೆ ತಾಳವೆಂದರೆ ಈ ಇಬ್ಬರೇ. ಮೃದಂಗದ ಜೊತೆಗೆ ಬೆಳೆದ ನನ್ನ ಕಿವಿ ಸಮವನ್ನು, ಅಂದರೆ ತಾಳದ ಮೊದಲ ಘಾತವನ್ನು, ಹುಡುಕುತ್ತ ಅನೇಕ ಬಾರಿ ಮ್ಯಾಂಡೊಲಿನ್ನಿನ ಹೊಡೆತವನ್ನೇ ಸಮವೆಂದು ಹಿಡಿಯುತ್ತಿತ್ತು. ಅವನು ಮಾತಾಡದೆ ನನ್ನ ಕಡೆಗೆ ಬಾಗಿ ಮುಂದಿನ ಷಡ್ಜವನ್ನು ಸ್ವಲ್ಪ ದಪ್ಪಗೆ ಹಿಡಿಯುತ್ತಿದ್ದ. ಅಷ್ಟು ಸಾಕಾಗುತ್ತಿತ್ತು.

ಗಾಯಕಿಯ ಬಗ್ಗೆ ಕೊನೆಗೆ ಬರೆಯುತ್ತಿರುವುದು, ಆಕೆಯಿಂದ ಕಲಿತದ್ದು ಎಲ್ಲಕ್ಕಿಂತ ಹೆಚ್ಚೆಂದು. ಶಾಲಾ ಬಸ್ಸು ಓಡಿಸುವ ಆಕೆ ಗಿಟಾರ್ ನುಡಿಸುತ್ತ ಹಾಡುತ್ತಾರೆ. ಬೆಳೆದದ್ದು ಪ್ರಿಮಿಟಿವ್ ಬ್ಯಾಪ್ಟಿಸ್ಟ್ ಪಂಥದ ಕುಟುಂಬದಲ್ಲಿ. ಆ ಚರ್ಚುಗಳಲ್ಲಿ ವಾದ್ಯಗಳಿಗೆ ಪ್ರವೇಶವಿಲ್ಲ. ಹೊಸ ಒಡಂಬಡಿಕೆಯಲ್ಲಿ ಹಾಡಬೇಕೆಂದಿದೆಯೇ ಹೊರತು ನುಡಿಸಬೇಕೆಂದಿಲ್ಲ ಎಂಬುದು ಅವರ ನಂಬಿಕೆ. ಹಾಡಿನ ಪುಸ್ತಕದಲ್ಲಿ ಪದಗಳು ಮಾತ್ರ, ಸ್ವರಲಿಪಿ ಇರುವುದಿಲ್ಲ. ಹಳೆಯ ಕ್ರಮದಲ್ಲಿ ಹಿರಿಯರೊಬ್ಬರು ಒಂದು ಸಾಲನ್ನು ವೇಗವಾಗಿ ಪಠಿಸುತ್ತಾರೆ, ಇಡೀ ಸಭೆ ಅದನ್ನು ಬಹಳ ವಿಳಂಬದಲ್ಲಿ, ಪ್ರತಿ ಅಕ್ಷರವನ್ನೂ ಬಳುಕಿಸುತ್ತ ಒಕ್ಕೊರಲಿನಿಂದ ಹಾಡುತ್ತದೆ. ಓದು ಬಾರದವರಿಗಾಗಿ 17ನೆಯ ಶತಮಾನದ ಬ್ರಿಟನ್ನಿನಲ್ಲಿ ರೂಢಿಯಾದ ಈ ಪದ್ಧತಿ ಅಲ್ಲಿ ಬಹುಮಟ್ಟಿಗೆ ಮರೆಯಾಗಿ ಇಲ್ಲಿ ಉಳಿದಿದೆ. ಇದೇ ವರ್ಜೀನಿಯಾ ಬೆಟ್ಟಗಳ ಹೆಸರಾಂತ ಬ್ಲೂಗ್ರಾಸ್ ಗಾಯಕರಾಗಿದ್ದ ರಾಲ್ಫ್ ಸ್ಟ್ಯಾನ್ಲಿ ಅವರ ಕಂಠದಲ್ಲಿ ಕೇಳುವುದೂ ಅದೇ ಚರ್ಚಿನ ಹಾಡುಗಾರಿಕೆ. ಆಕೆ ನನ್ನನ್ನು ಒಮ್ಮೆ ತಮ್ಮ ಚರ್ಚಿಗೆ ಕರೆದೊಯ್ದರು. ಮರದ ಬೆಂಚುಗಳ ಆ ಸಣ್ಣ ಕೋಣೆಯಲ್ಲಿ ಮೂವತ್ತು ನಲವತ್ತು ಮಂದಿ ಒಂದೇ ಸ್ವರದಿಂದ ಇನ್ನೊಂದಕ್ಕೆ ಸಾಗುವಾಗ ಒಬ್ಬೊಬ್ಬರೂ ತಮ್ಮದೇ ಹಾದಿಯಲ್ಲಿ ಜಾರಿ ಬಂದು ಸೇರುತ್ತಿದ್ದರು. ಕಾರ್ಡು ಎಂಬುದೇ ಅಲ್ಲಿರಲಿಲ್ಲ. ಸಂಗೀತವೆಂದರೆ ಒಂದೇ ಎಳೆಯ ಗೆರೆ ಎಂದು ತಿಳಿದು ಬೆಳೆದವನು ತಂಡದಲ್ಲಿ ನಾನೊಬ್ಬನೇ ಅಲ್ಲ ಎಂಬುದು ಅಂದು ಗೊತ್ತಾಯಿತು.

ಆಕೆ ಹಾಡುವಾಗ ಗಾಂಧಾರ ತನ್ನ ತಗ್ಗಿನ ರೂಪವಾದ ಸಾಧಾರಣಕ್ಕೂ ಎತ್ತರದ ರೂಪವಾದ ಅಂತರಕ್ಕೂ ನಡುವೆ ಎಲ್ಲೋ ಹುಟ್ಟಿ ಮೇಲಕ್ಕೆ ಏರುತ್ತದೆ. ಮೆಟ್ಟುಗಳಿರುವ ಬ್ಯಾಂಜೊ, ಗಿಟಾರ್, ಮ್ಯಾಂಡೊಲಿನ್‌ಗಳಿಗೆ ಆ ಹಾದಿ ಸುಲಭಕ್ಕೆ ಸಿಗುವುದಿಲ್ಲ, ಪಿಟೀಲಿಗೆ ಸಿಗುತ್ತದೆ. ನನ್ನ ಕೈಗೆ ಅದು ಹುಟ್ಟಿನಿಂದ ಬಂದ ಭಾಷೆಯೇ. ಆದ್ದರಿಂದ ಮೊದಮೊದಲು ಆಕೆ ಹಾಡಿದ್ದನ್ನೆಲ್ಲ ನಾನು ಪಕ್ಕವಾದ್ಯದ ರೂಢಿಯಂತೆ ಬೆನ್ನುಹತ್ತಿ ನುಡಿಸುತ್ತಿದ್ದೆ. ಆಕೆ ಒಂದು ದಿನ ಹಾಡು ನಿಲ್ಲಿಸಿ, “ನೀವು ಜೊತೆಗೇ ಬಂದರೆ ನನ್ನ ಪದ ಜನರಿಗೆ ಮುಟ್ಟುವುದಿಲ್ಲ. ನಾನು ಉಸಿರು ತೆಗೆದುಕೊಳ್ಳುವಾಗ ಬನ್ನಿ,” ಎಂದರು. ಇಲ್ಲಿನ ಹಾಡುಗಳು ಕಥೆ ಹೇಳುತ್ತವೆ: ಗಣಿಯಲ್ಲಿ ಸತ್ತವರದು, ಊರು ಬಿಟ್ಟವರದು, ತಾಯಿಯ ಸಮಾಧಿಯದು. ಒಂದು ಪದ ಕೇಳದೆ ಹೋದರೆ ಕಥೆ ತುಂಡಾಗುತ್ತದೆ. ಸಾಲು ಮುಗಿದು ಮುಂದಿನ ಸಾಲು ಶುರುವಾಗುವ ಮೊದಲಿನ ಕಿರು ಅವಕಾಶದಲ್ಲಿ ನನ್ನ ಉತ್ತರ ಮುಗಿಯಬೇಕು; ಪದ ನಡೆಯುತ್ತಿರುವಾಗ ಎರಡು ತಂತಿಗಳ ಮೇಲೆ ಮೃದುವಾಗಿ ಕಮಾನು ಎಳೆದು ನಿಲ್ಲಬೇಕು, ಅಥವಾ ಸುಮ್ಮನಿರಬೇಕು. ನೆರಳಿನಂತೆ ಹಿಂಬಾಲಿಸುವುದನ್ನು ಬಿಡುವುದು ಕಮಾನು ಬದಲಿಸುವುದಕ್ಕಿಂತ ಕಷ್ಟವಾಯಿತು. ಆದರೆ ನೆರಳಾಗಿ ನಡೆದವನಿಗೇ ಗಾಯಕರ ಉಸಿರು ಎಲ್ಲಿ ತೀರುತ್ತದೆ ಎಂಬ ಅಂದಾಜು ಇರುವುದು. ನನ್ನ ಮೇಷ್ಟ್ರ ಪಾಠ ಹೀಗೆ ಬೇರೆ ರೂಪದಲ್ಲಿ ಕೆಲಸಕ್ಕೆ ಬಂತು. ಈಗ ಆಕೆ ಒಂದು ಸಾಲಿನ ಕೊನೆಯಲ್ಲಿ ಗಾಂಧಾರವನ್ನು ಅರ್ಧಕ್ಕೆ ಬಿಟ್ಟರೆ, ನನ್ನ ಪಿಟೀಲು ಅದನ್ನು ಅಲ್ಲಿಂದಲೇ ಎತ್ತಿಕೊಳ್ಳುತ್ತದೆ, ಮತ್ತು ಅದು ತಮಗೆ ಇಷ್ಟವೆಂದು ಆಕೆ ಹೇಳಿದ್ದಾರೆ.

ವೇದಿಕೆಯ ಮೇಲೆ ನಾವು ಹಳೆಯ ಕ್ರಮದಂತೆ ಒಂದೇ ಮೈಕಿನ ಸುತ್ತ ನಿಲ್ಲುತ್ತೇವೆ. ಧ್ವನಿಯ ಹೆಚ್ಚು ಕಡಿಮೆ ಮಾಡಲು ಯಾವ ಯಂತ್ರವೂ ಇಲ್ಲ, ಕಾಲುಗಳೇ ಅದನ್ನು ಮಾಡಬೇಕು. ಗಾಯಕಿ ಪಲ್ಲವಿ ಮುಗಿಸಿ ಎಡಕ್ಕೆ ಒಂದು ಹೆಜ್ಜೆ ಸರಿದಾಗ ಬ್ಯಾಂಜೊ ಬಲದಿಂದ ಒಳಗೆ ಬರುತ್ತದೆ. ಅದು ಹಿಂದೆ ಸರಿಯುವಾಗ ಕಮಾನು ಯಾರ ಕಣ್ಣಿಗೂ ತಗಲದಂತೆ ನಾನು ಅವರ ಬೆನ್ನ ಹಿಂದಿನಿಂದ ಸುತ್ತಿ ಬರಬೇಕು. ಮ್ಯಾಂಡೊಲಿನ್ ನನ್ನ ಮೊಣಕೈಯ ಕೆಳಗಿನಿಂದ ತೂರಬೇಕು. ಬೇಸಿನ ತರುಣ ಮಾತ್ರ ಹಿಂದೆ ಅಚಲ. ಹದಿನಾರು ಅಳತೆಗಳ ನನ್ನ ಸರದಿಯಲ್ಲಿ ಹಾಡಿನ ಮಟ್ಟು ಕೇಳುವವರಿಗೆ ಗುರುತು ಸಿಗಬೇಕು, ಆದರೆ ಯಥಾವತ್ತಾಗಿಯೂ ಇರಬಾರದು. ಕೃತಿಯ ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಮಾಡಿ ಬೆಳೆದವರಿಗೆ ಈ ಹದ ಹೊಸದಲ್ಲ.

ಗೇಲ್ಯಾಕ್ಸ್‌ನಲ್ಲಿ 1935ರಿಂದ ನಡೆದುಬಂದಿರುವ ‘ಓಲ್ಡ್ ಫಿಡ್ಲರ್ಸ್ ಕನ್ವೆನ್ಷನ್’ ಪ್ರತಿ ಆಗಸ್ಟ್‌ನಲ್ಲಿ ಸೇರುತ್ತದೆ. ಬ್ಲೂಗ್ರಾಸ್ ಪಿಟೀಲಿಗೂ ಹಳೆಯ ಬಾನಿಯ ಪಿಟೀಲಿಗೂ ಅಲ್ಲಿ ಪ್ರತ್ಯೇಕ ಸ್ಪರ್ಧೆಗಳಿವೆ. ನಮ್ಮ ತಂಡ ಸ್ಪರ್ಧೆಯಲ್ಲಿ ಹಾಡಿತು, ಬಹುಮಾನ ಬರಲಿಲ್ಲ. ನನಗೆ ಮುಖ್ಯವೆನಿಸಿದ್ದು ವೇದಿಕೆಯ ಹಿಂದಿನ ಮೈದಾನ. ಡೇರೆ ಮತ್ತು ವಾಹನಗಳ ನಡುವೆ ರಾತ್ರಿಯಿಡೀ ಗುಂಪುಗಳು ನುಡಿಸುತ್ತಿರುತ್ತವೆ. ಪರಿಚಯವಿಲ್ಲದವರು ಬಂದು ನಿಂತು, ಶ್ರುತಿ ಕೇಳಿ, ವಾದ್ಯ ಎತ್ತಿಕೊಳ್ಳುತ್ತಾರೆ. ಯಾರೋ ಹುಡುಗಿಯೊಬ್ಬಳು ನನ್ನ ಜಾರುಗಳನ್ನು ಗಮನಿಸಿ ಎಲ್ಲಿ ಕಲಿತದ್ದೆಂದು ಕೇಳಿದಳು. ಹಿರಿಯರು ನನಗಿಂತ ಮೊದಲೇ “ಮೈಸೂರಿನಲ್ಲಿ” ಎಂದು, ಮೌಂಟ್ ಏರಿಯ ಹೆಸರು ಹೇಳುವಷ್ಟೇ ಸಹಜವಾಗಿ ಉತ್ತರಿಸಿದರು.

ಸದ್ಯಕ್ಕೆ ನಮ್ಮ ನಡುವೆ ಒಂದು ಚರ್ಚೆ ನಡೆದಿದೆ. ಗಾಯಕಿಯ ಚರ್ಚಿನ ಹಳೆಯ ಕೀರ್ತನೆಯೊಂದನ್ನು ಮುಂದಿನ ಕಾರ್ಯಕ್ರಮಗಳಿಗೆ ಸಿದ್ಧಪಡಿಸುತ್ತಿದ್ದೇವೆ. ಅಧ್ಯಾಪಕ ಮಿತ್ರ ಅದಕ್ಕೆ ಬ್ಲೂಗ್ರಾಸಿನ ರೂಢಿಯಂತೆ ಮೂರು ಕಂಠಗಳು ಏಕಕಾಲಕ್ಕೆ ಬೇರೆಬೇರೆ ಸ್ವರ ಹಾಡುವ ಹಾರ್ಮೊನಿ ಬರೆದು ತಂದಿದ್ದಾನೆ, ಮತ್ತು ಅದು ನಿಜಕ್ಕೂ ಸೊಗಸಾಗಿದೆ. ಆದರೆ ತಮ್ಮವರು ಅದನ್ನು ಎಂದೂ ಹಾಗೆ ಹಾಡಿಲ್ಲವೆಂದು ಗಾಯಕಿ ಒಪ್ಪಿಲ್ಲ. ಹಿರಿಯರಿಗೆ ಅದರಲ್ಲಿ ಬ್ಯಾಂಜೊ ಬೇಕು. ನಾನು ಗಾಯಕಿಯ ಪಕ್ಷ. ಈಗಿನ ಮಟ್ಟಿಗೆ ಆಗಿರುವ ಒಪ್ಪಂದವೆಂದರೆ, ಮೊದಲ ಎರಡು ಚರಣಗಳನ್ನು ಆಕೆ ವಾದ್ಯವಿಲ್ಲದೆ ಒಬ್ಬರೇ ಸಾಲು ಹೇಳಿ, ನಾವೆಲ್ಲ ಒಕ್ಕೊರಲಿನಿಂದ ಅನುಸರಿಸುವುದು. ಮೂರನೆಯ ಚರಣಕ್ಕೆ ಬೇಸ್ ಷಡ್ಜ ಪಂಚಮ ಹಿಡಿದ ಮೇಲೆ ಪಿಟೀಲು ಸೇರುವುದು. ಹಾರ್ಮೊನಿಯನ್ನು ನಾಲ್ಕನೆಯ ಚರಣಕ್ಕೆ ಸೇರಿಸಬೇಕೇ ಬೇಡವೇ ಎಂಬುದನ್ನು ಗುರುವಾರದ ಅಭ್ಯಾಸದಲ್ಲಿ ಹಾಡಿ ನೋಡಿ ನಿರ್ಧರಿಸುತ್ತೇವೆ.